ಕಪ್ಪು ಎಷ್ಟು ಕಪ್ಪು? ಪ್ಲಾಸ್ಮಾ ಮತ್ತು ಎಲ್‌ಸಿಡಿ

ಪ್ಲಾಸ್ಮಾ ಟಿವಿ ಇಂದು ಹೊಸದಾಗಿ ಸಿಗುವುದಿಲ್ಲ. ಪ್ಯಾನಸಾನಿಕ್ 2013ರ ಕೊನೆಗೆ ತಯಾರಿಕೆ ನಿಲ್ಲಿಸಿತು. ಸ್ಯಾಮ್‌ಸಂಗ್, ಎಲ್‌ಜಿ 2014ರಲ್ಲಿ. ಆದರೂ ಸೆಕೆಂಡ್ ಹ್ಯಾಂಡ್ ಪ್ಲಾಸ್ಮಾ ಹುಡುಕುವವರು ಈಗಲೂ ಇದ್ದಾರೆ. ಕಾರಣ, ಅದರ ಕಪ್ಪು.

ಪ್ಲಾಸ್ಮಾ ಪರದೆಯಲ್ಲಿ ಲಕ್ಷಾಂತರ ಪುಟ್ಟ ಗೂಡುಗಳು. ಒಳಗೆ ನಿಯಾನ್, ಕ್ಸೆನಾನ್ ಅನಿಲ. ವಿದ್ಯುತ್ ಹರಿದಾಗ ಅನಿಲ ನೇರಳಾತೀತ ಕಿರಣ ಚೆಲ್ಲುತ್ತದೆ, ಗೂಡಿಗೆ ಬಳಿದ ಫಾಸ್ಫರ್ ಬಣ್ಣವಾಗಿ ಬೆಳಗುತ್ತದೆ. ಪ್ರತಿ ಚುಕ್ಕಿಯೂ ತಾನೇ ದೀಪ. ಕತ್ತಲ ದೃಶ್ಯ ಬಂದರೆ ಆ ಚುಕ್ಕಿ ಬಹುತೇಕ ಆರುತ್ತದೆ. ಪಯೊನೀರ್‌ನ ‘ಕುರೊ’ ಮಾದರಿಗಳ ಕಪ್ಪನ್ನು ಸಿನಿಮಾಪ್ರಿಯರು ವರ್ಷಗಟ್ಟಲೆ ಅಳತೆಗೋಲಾಗಿ ಬಳಸಿದರು.

ಎಲ್‌ಸಿಡಿಯ ದಾರಿ ಬೇರೆ. ಹಿಂದೆ ದೀಪ, ಮುಂದೆ ದ್ರವಸ್ಫಟಿಕದ ಪದರ. ಆ ಪದರ ಬೆಳಕನ್ನು ತಡೆಯುತ್ತದೆ, ಆದರೆ ಪೂರ್ತಿ ತಡೆಯಲಾರದು. ಕತ್ತಲ ಕೋಣೆಯಲ್ಲಿ ಕಪ್ಪು ಬೂದುಬಣ್ಣಕ್ಕೆ ತಿರುಗುವುದು ಅದಕ್ಕೇ. ಅಂಗಡಿಯಲ್ಲಿ ಎಲ್‌ಇಡಿ ಟಿವಿ ಅಂತ ಮಾರುವುದೂ ಬಹುಪಾಲು ಇದನ್ನೇ. ಹಿಂದಿನ ದೀಪ ಮಾತ್ರ ಎಲ್‌ಇಡಿ.

ಹಗಲು ಬೆಳಕು ತುಂಬಿದ ಹಾಲ್‌ನಲ್ಲಿ ಮಾತ್ರ ಎಲ್‌ಸಿಡಿಯೇ ಗೆಲ್ಲುತ್ತದೆ. ಪ್ಲಾಸ್ಮಾದ ಗಾಜಿನಲ್ಲಿ ಕಿಟಕಿಯೇ ಕಾಣುತ್ತದೆ. ಪ್ಲಾಸ್ಮಾ ಕರೆಂಟ್ ಹೆಚ್ಚು ಎಳೆಯುತ್ತದೆ, ಬಿಸಿಯಾಗುತ್ತದೆ. ದಿನವಿಡೀ ನ್ಯೂಸ್ ಚಾನೆಲ್ ಓಡುವ ಮನೆಗಂತೂ ಬೇಡವೇ ಬೇಡ: ಮೂಲೆಯ ಲೋಗೊ ಪರದೆ ಮೇಲೆ ಅಚ್ಚೊತ್ತಿ ಉಳಿಯಬಹುದು.

ಹಳೆಯ ಪ್ಲಾಸ್ಮಾ ಕೊಳ್ಳುವುದೇ ಆದರೆ, ಪೂರ್ತಿ ಬಿಳಿ ಚಿತ್ರ ಹಾಕಿಸಿ ಅಂಥ ಅಚ್ಚಿನ ನೆರಳು ಇದೆಯೇ ನೋಡಬೇಕು. ಕಪ್ಪೂ ಬೇಕು, ಹೊಸ ಟಿವಿಯೂ ಬೇಕು ಅನ್ನುವವರಿಗೆ ಓಎಲ್‌ಇಡಿ ಇದೆ. ಅಲ್ಲೂ ಪ್ರತಿ ಚುಕ್ಕಿಗೆ ಸ್ವಂತ ಬೆಳಕು. ಬೆಲೆ ಮಾತ್ರ ಸಾಮಾನ್ಯ ಎಲ್‌ಸಿಡಿಗಿಂತ ಮೇಲೆ.