ಪೋಸ್ಟ್‌ಡಾಕ್ ಇನ್ನೊಂದು ಡಿಗ್ರಿಯಲ್ಲ, ಸಿಮ್ಯುಲೇಷನ್ ಗುಂಡಿ ಒತ್ತುವ ಕೆಲಸವಲ್ಲ

"ಪಿಎಚ್‌.ಡಿ ಮುಗಿಯಿತಲ್ಲ, ಇನ್ನೂ ಎಂಥ ಓದು?" ಸಿಮ್ಯುಲೇಷನ್ ಕ್ಷೇತ್ರದಲ್ಲಿ ಪೋಸ್ಟ್‌ಡಾಕ್ ಮಾಡಲು ಜರ್ಮನಿಯ ಸ್ಟುಟ್‌ಗಾರ್ಟ್‌ಗೋ ನಮ್ಮ ಐಐಎಸ್‌ಸಿಗೋ ಹೊರಟವರಿಗೆ ಮನೆಯಲ್ಲಿ ಎದುರಾಗುವ ಪ್ರಶ್ನೆ ಇದು. ಪೋಸ್ಟ್‌ಡಾಕ್ ಒಂದು ಉದ್ಯೋಗ. ಪರೀಕ್ಷೆ, ಘಟಿಕೋತ್ಸವ, ಹೊಸ ಪದವಿ ಯಾವುದೂ ಅದಕ್ಕಿಲ್ಲ. ಸಂಬಳವೋ ಫೆಲೋಶಿಪ್ಪೋ ಇರುತ್ತದೆ, ಜೊತೆಗೆ ಮುಗಿಯುವ ದಿನಾಂಕವೂ ಇರುತ್ತದೆ. ನಮ್ಮ ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ಪಿನ ಅವಧಿ 2 ವರ್ಷ.

ಕೆಲಸದ ಸ್ವರೂಪದ ಬಗ್ಗೆ ಇರುವ ತಪ್ಪು ಕಲ್ಪನೆ ಇನ್ನೂ ಆಳದ್ದು. ಪ್ರಯೋಗಾಲಯದವರು ದುಡಿಯುತ್ತಾರೆ, ಸಿಮ್ಯುಲೇಷನ್‌ನವರು ಸಾಫ್ಟ್‌ವೇರ್‌ಗೆ ಅಂಕಿ ಕೊಟ್ಟು ಬಣ್ಣದ ಚಿತ್ರ ತೆಗೆಯುತ್ತಾರೆ ಎಂದು ಎಂಜಿನಿಯರುಗಳೇ ಹೇಳುವುದುಂಟು. ಹಾಗೆ ಹೇಳುವವರು ಸ್ಲೈಪ್ನರ್-ಎ ಕಥೆ ಓದಬೇಕು. 1991ರ ಆಗಸ್ಟ್ 23ರಂದು ನಾರ್ವೆಯ ಸ್ಟಾವಂಗರ್ ಬಳಿ, ಈ ಸಮುದ್ರ ವೇದಿಕೆಯ ಕಾಂಕ್ರೀಟ್ ಬುಡವನ್ನು ಪರೀಕ್ಷೆಗೆಂದು ನೀರಿಗೆ ಇಳಿಸುತ್ತಿದ್ದಾಗ ಒಳಗೋಡೆ ಸೀಳಿತು, ಇಡೀ ರಚನೆ ತಳ ಸೇರಿತು. ನಷ್ಟ ಸುಮಾರು 70 ಕೋಟಿ ಡಾಲರ್. ಕಂಪ್ಯೂಟರ್ ಕೆಟ್ಟಿರಲಿಲ್ಲ. ವಿನ್ಯಾಸಕ್ಕೆ ಬಳಸಿದ್ದು ಫೈನೈಟ್ ಎಲಿಮೆಂಟ್ ಲೆಕ್ಕ, ಅಂದರೆ ರಚನೆಯನ್ನು ಸಣ್ಣ ತುಂಡುಗಳ ಜಾಲವಾಗಿ (ಮೆಶ್) ಒಡೆದು ಹಾಕುವ ಲೆಕ್ಕ. ಅದರಲ್ಲಿ ಗೋಡೆಗಳು ಕೂಡುವ ಜಾಗದ ಮೆಶ್ ತೀರ ಒರಟಾಗಿತ್ತು. ಅಲ್ಲಿನ ಷಿಯರ್ ಒತ್ತಡ ಶೇ. 47ರಷ್ಟು ಕಡಿಮೆ ಬಂತು. ಅದನ್ನು ನಂಬಿದ್ದರಿಂದ ಗೋಡೆ ತೆಳುವಾಯಿತು, ಒಳಗಿನ ಉಕ್ಕಿನ ಸರಳುಗಳ ಬಿಗಿತವೂ ಸಾಲದಾಯಿತು.

ಅಪಘಾತದ ನಂತರ ಅದೇ ವಿಧಾನದಲ್ಲಿ ಎಚ್ಚರದಿಂದ ಮತ್ತೆ ಲೆಕ್ಕ ಹಾಕಿದಾಗ ಗೋಡೆ 62 ಮೀಟರ್ ಆಳದಲ್ಲಿ ಒಡೆಯಬೇಕು ಎಂದು ಬಂತು. ನಿಜವಾಗಿ ಒಡೆದದ್ದು 65 ಮೀಟರಿನಲ್ಲಿ! ಮೊದಲಿನ ಒರಟು ಲೆಕ್ಕಕ್ಕೂ ಈ ಎಚ್ಚರದ ಲೆಕ್ಕಕ್ಕೂ ಇರುವ ಅಂತರವೇ ಈ ಕ್ಷೇತ್ರದ ಪೋಸ್ಟ್‌ಡಾಕ್‌ನ ದುಡಿಮೆ. ಮೆಶ್ ಸಣ್ಣದು ಮಾಡಿದರೆ ಉತ್ತರ ನಿಲ್ಲುತ್ತದೆಯೇ, ಪ್ರಯೋಗದ ಅಳತೆಗೆ ಹೊಂದುತ್ತದೆಯೇ, ಸಮೀಕರಣವೇ ಇಲ್ಲಿಗೆ ಸಲ್ಲುವುದೋ ಇಲ್ಲವೋ ಎಂದು ತಿಂಗಳುಗಟ್ಟಲೆ ಪಟ್ಟು ಹಿಡಿದು ಕೇಳಬೇಕು. ಆ ಬಣ್ಣದ ಚಿತ್ರ ಬರುವುದು ಆಮೇಲೆ.

"ದೊಡ್ಡ ಕಂಪ್ಯೂಟರ್ ಬಂದರೆ ಇವರ ಅಗತ್ಯವೇ ಇರದು" ಎನ್ನುವವರೂ ಇದ್ದಾರೆ. ಐಐಎಸ್‌ಸಿಯಲ್ಲಿ 2022ರಲ್ಲಿ ಬಂದ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರಿನ ಸಾಮರ್ಥ್ಯ 3.3 ಪೆಟಾಫ್ಲಾಪ್. ಆದರೂ ಗಾಳಿಯ ಪ್ರಕ್ಷುಬ್ಧ ಹರಿವನ್ನು ಏನೂ ಬಿಡದೆ ಲೆಕ್ಕ ಹಾಕಲು ಹೊರಟರೆ, ರೆನಾಲ್ಡ್ಸ್ ಸಂಖ್ಯೆ (ಹರಿವಿನ ವೇಗ, ಗಾತ್ರ ಹೆಚ್ಚಿದಂತೆ ಏರುವ ಅಳತೆ) 10 ಪಟ್ಟಾದಾಗ ಕೆಲಸ ಹೆಚ್ಚುಕಡಿಮೆ 1000 ಪಟ್ಟಾಗುತ್ತದೆ. ಹಾರುವ ವಿಮಾನದ ರೆಕ್ಕೆಗೆ ಆ ಸಂಖ್ಯೆ ಕೋಟಿಗಳಲ್ಲಿದೆ. ಏನನ್ನು ಬಿಡಬಹುದು, ಏನನ್ನು ಬಿಡಬಾರದು ಎಂಬ ತೀರ್ಮಾನ ಮನುಷ್ಯರದ್ದೇ. ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನಲ್ಲಿ 1986ರಲ್ಲಿ ಫ್ಲೋಸಾಲ್ವರ್ ಕಂಪ್ಯೂಟರ್ ಕಟ್ಟಿದ್ದು ಹರಿವಿನ ಪ್ರಶ್ನೆಗಳನ್ನು ಬಿಡಿಸಲೆಂದೇ. ಅಲ್ಲಿ ಪ್ರಶ್ನೆ ಮೊದಲು, ಯಂತ್ರ ಆಮೇಲೆ. ಆ ಪರಂಪರೆ ನನಗೆ ಹೆಮ್ಮೆಯದು.

ಕೋಡ್ ಬರೆಯುವುದು ಸಂಶೋಧನೆಯಲ್ಲ ಎಂಬ ಮಾತೂ ಸುಳ್ಳು. ಡೀಲ್-ಟೂ ಎಂಬ ಮುಕ್ತ ಫೈನೈಟ್ ಎಲಿಮೆಂಟ್ ಲೈಬ್ರರಿಗೆ 2007ರಲ್ಲಿ, ಸಂಖ್ಯಾತ್ಮಕ ಸಾಫ್ಟ್‌ವೇರ್‌ಗೆ ಕೊಡುವ ವಿಲ್ಕಿನ್ಸನ್ ಪ್ರಶಸ್ತಿ ಬಂದಿದೆ.

ಇನ್ನು, ಪೋಸ್ಟ್‌ಡಾಕ್ ಆದವರೆಲ್ಲ ಪ್ರೊಫೆಸರ್ ಆಗುತ್ತಾರೆ ಎಂಬ ಆಸೆ. ಕಾಯಂ ಹುದ್ದೆಗಳು ಎಲ್ಲೆಡೆ ಕಡಿಮೆ. ಎಂಜಿನಿಯರಿಂಗಿನಂಥ ವಿಷಯಗಳಲ್ಲಿ ಪಿಎಚ್‌.ಡಿ ನಂತರದ ತಾತ್ಕಾಲಿಕ ನೇಮಕಕ್ಕೆ ಜರ್ಮನಿಯ ಕಾನೂನು ಸಾಮಾನ್ಯವಾಗಿ 6 ವರ್ಷದ ಮಿತಿ ಹಾಕಿದೆ. ಬಾಷ್, ಮರ್ಸಿಡಿಸ್‌ಗಳ ಬೆಂಗಳೂರು ಕೇಂದ್ರಗಳಂಥ ಕಡೆಗೆ ಹೋದವರನ್ನು ಸೋತವರೆನ್ನುವುದು ಅನ್ಯಾಯ. ಕರಾರಿಗೆ ಸಹಿ ಹಾಕುವ ಮೊದಲು ಮೂರು ವಿಷಯ ಕೇಳಿಕೊಳ್ಳಿ: ಹಣ ಯಾವ ತಿಂಗಳವರೆಗೆ ಇದೆ, ಸೂಪರ್‌ಕಂಪ್ಯೂಟರಿನಲ್ಲಿ ನಿಮ್ಮ ಪಾಲಿನ ಸಮಯ ಎಷ್ಟು, ನೀವು ಬರೆದ ಕೋಡನ್ನು ಹೊರಡುವಾಗ ಜೊತೆಗೆ ಒಯ್ಯಬಹುದೇ.