ಸ್ಪ್ಯಾಮ್ ಕಾಟ: ದೂರು ಎಲ್ಲಿ?

ತುಮಕೂರು: ನಗರದಲ್ಲಿರಲಿ, ಗುಬ್ಬಿ, ಕುಣಿಗಲ್‌ನಲ್ಲಿರಲಿ, ಅಂತರ್ಜಾಲದಲ್ಲಿ ಬರೆಯುವವರ ಖಾತೆಗಳಿಗೆ ಸಾಲ, ಲಾಟರಿ, ಮನೆಯಿಂದಲೇ ಗಳಿಕೆ ಎಂಬ ಕೊಂಡಿಗಳು ಬಂದು ಬೀಳುವುದು ಹೊಸದೇನಲ್ಲ. ಇವನ್ನು ಹೆಚ್ಚಾಗಿ ಯಂತ್ರವೇ ಕಳುಹಿಸುವುದರಿಂದ ಬೈದು ಫಲವಿಲ್ಲ. ಉತ್ತರಿಸಿದರೆ ಖಾತೆ ಬಳಕೆಯಲ್ಲಿದೆ ಎಂಬ ಸುಳಿವು ಸಿಗುತ್ತದೆ, ಅಷ್ಟೆ.

ಮೊಬೈಲ್‌ಗೆ ಬರುವ ಜಾಹೀರಾತು ಕರೆ, ಎಸ್‌ಎಂಎಸ್‌ಗಳ ವಿರುದ್ಧ 1909ಕ್ಕೆ ದೂರು ನೀಡಬಹುದು. ಇದಕ್ಕಿದ್ದ ಮೂರು ದಿನಗಳ ಗಡುವನ್ನು ಟ್ರಾಯ್ 2025ರ ಫೆಬ್ರುವರಿಯಲ್ಲಿ ಏಳಕ್ಕೆ ಏರಿಸಿತು. ಸಾಮಾಜಿಕ ಜಾಲತಾಣದ ಸ್ಪ್ಯಾಮ್ ಮಾತ್ರ ಇದರ ವ್ಯಾಪ್ತಿಗೆ ಬಾರದು. ಮೂಲದ ಬಗ್ಗೆ ದಾರಿ ತಪ್ಪಿಸುವ ಇ-ಮೇಲನ್ನೂ ಅಪರಾಧವೆಂದಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಪಡಿಸಿತು. ವಾಕ್ ಸ್ವಾತಂತ್ರ್ಯಕ್ಕೆ ಅದು ಒಳಿತೇ ಆಯಿತು. ಆದರೆ ಸ್ಪ್ಯಾಮ್‌ಗೆಂದೇ ಬೇರೆ ಕಾಯ್ದೆ ಬರಲಿಲ್ಲ. ಖಾತೆದಾರರ ಕೈಯಲ್ಲಿ ಉಳಿದದ್ದು 'ರಿಪೋರ್ಟ್', 'ಬ್ಲಾಕ್' ಗುಂಡಿಗಳು. ಬರಿದೇ ಅಳಿಸಿದರೆ ಸಾಲದು. ರಿಪೋರ್ಟ್ ಮಾಡಿದರೆ ಕಳುಹಿಸಿದವರನ್ನು ಗುರುತಿಸಲು ಜಾಲತಾಣಕ್ಕೆ ನೆರವಾಗುತ್ತದೆ.

ಹೆಚ್ಚು ಅಪಾಯವಿರುವುದು ಪರಿಚಿತರ ಹೆಸರಿನಲ್ಲಿ ಬರುವ ಕೊಂಡಿಯಲ್ಲಿ. ಅದನ್ನು ತೆರೆದು ಪಾಸ್‌ವರ್ಡ್ ಕೊಟ್ಟರೆ ಅದೇ ಖಾತೆಯಿಂದ ಬಂಧುಮಿತ್ರರಿಗೆಲ್ಲ ಹಣದ ಬೇಡಿಕೆ ಹೋಗುತ್ತದೆ. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು. ವಂಚಕರು ಹಣ ತೆಗೆಯುವ ಮುನ್ನವೇ ಬ್ಯಾಂಕಿನಲ್ಲಿ ತಡೆಹಿಡಿಯಲು ಆಗ ಅವಕಾಶವಿರುತ್ತದೆ. ತುಮಕೂರಿನ ಸಿಇಎನ್ ಪೊಲೀಸ್ ಠಾಣೆಗೂ ದೂರು ಕೊಡಬಹುದು. ಸಂದೇಶದ ಸ್ಕ್ರೀನ್‌ಶಾಟ್, ವಹಿವಾಟಿನ ಸಂಖ್ಯೆ ಜೊತೆಯಲ್ಲಿರಲಿ.