ಆನೆ ಸತ್ತರೂ ಸಾವಿರ: ಈ ಲೆಕ್ಕ ಯಾರಿಗೆ ಬೇಕು?

ನಮ್ಮ ನಡುಮನೆಯ ಗೋಡೆಯ ಮೇಲೆ ಬೀಟೆ ಮರದ ಹಲಗೆಯೊಂದಿದೆ. ನನ್ನ ಮದುವೆಯಲ್ಲಿ ಮೈಸೂರಿನ ಸೋದರಮಾವ ಉಡುಗೊರೆ ಕೊಟ್ಟದ್ದು. ಅದರಲ್ಲಿ ಅಂಬಾರಿ ಹೊತ್ತ ಆನೆ. ಕಪ್ಪು ಮರದ ಮೇಲೆ ಬೆಳ್ಳಗೆ ಹೊಳೆಯುವ ಎರಡು ದಂತ. ಈ ಸಲ ದಸರೆಗೆ ಮನೆ ಧೂಳು ಹೊಡೆಯುತ್ತಿದ್ದಾಗ ಹೈಸ್ಕೂಲಿಗೆ ಹೋಗುವ ನನ್ನ ಮಗಳು ಕೇಳಿದಳು, "ಅಮ್ಮಾ, ಇದು ನಿಜವಾದ ದಂತವೇನಮ್ಮಾ?"

"ಅಲ್ಲ ಕಣೇ, ಪ್ಲಾಸ್ಟಿಕ್ಕು. ಹಿಂದೆ ನಿಜವಾದ ದಂತವನ್ನೇ ಕೂಡಿಸುತ್ತಿದ್ದರಂತೆ" ಎಂದೆ.

"ಆನೆಗೆ ನೋವಾಗದ ಹಾಗೆ ತೆಗೀತಿದ್ರಾ? ಹಲ್ಲು ಮತ್ತೆ ಬರುತ್ತಾ?"

ನನಗೆ ಉತ್ತರ ತಿಳಿಯಲಿಲ್ಲ. ಅಂದಿನಿಂದ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದಷ್ಟೂ ಹೊಟ್ಟೆಯಲ್ಲಿ ಸಂಕಟವಾಯಿತು. ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳೋಣವೆಂದು ಈ ಬರಹ.

ದಂತವೆಂದರೆ ಆನೆಯ ಮೇಲ್ದವಡೆಯ ಹಲ್ಲು. ಹೊರಗೆ ಕಾಣುವುದು ಅದರ ಒಂದು ಪಾಲು ಮಾತ್ರ. ಸುಮಾರು ಮೂರರಲ್ಲಿ ಒಂದು ಪಾಲು ತಲೆಬುರುಡೆಯ ಒಳಗೇ ಇರುತ್ತದೆ. ಕಳ್ಳಬೇಟೆಗಾರನಿಗೆ ಆ ಪಾಲೂ ಬೇಕು. ಆದ್ದರಿಂದ ಆತ ಆನೆಯನ್ನು ಕೊಂದು, ಮುಖವನ್ನೇ ಕಡಿದು ತೆಗೆಯುತ್ತಾನೆ. ನಮ್ಮ ಆನೆಗಳಲ್ಲಿ ಗಂಡಿಗೆ ಮಾತ್ರ ದಂತ. ಆಫ್ರಿಕದಲ್ಲಿ ಹೆಣ್ಣಾನೆಗೂ ಉಂಟು. ಹೀಗಾಗಿ ಅಲ್ಲಿ ತಾಯಿಗೂ ಉಳಿಗಾಲವಿಲ್ಲ.

ತೆರಿಗೆ ಹಣದಲ್ಲಿ ಬೇಟೆ

ಕಳ್ಳರ ಮಾತು ಹಾಗಿರಲಿ, ಸರ್ಕಾರವೇ ದುಡ್ಡು ಕೊಟ್ಟು ಬೇಟೆಯ ವ್ಯವಸ್ಥೆ ನಡೆಸಿದರೆ ಏನನ್ನುತ್ತೀರಿ?

ಆಫ್ರಿಕದ ಜಿಂಬಾಬ್ವೆಯಲ್ಲಿ 1989ರಲ್ಲಿ 'ಕ್ಯಾಂಪ್‌ಫೈರ್' ಎಂಬ ಯೋಜನೆ ಶುರುವಾಯಿತು. ಅದರ ಲೆಕ್ಕಾಚಾರ ಹೀಗೆ: ಆನೆ ಬಂದು ರೈತನ ಜೋಳ ತಿಂದು ಹೋಗುತ್ತದೆ, ಅವನಿಗೆ ಆನೆಯೆಂದರೆ ಸಿಟ್ಟು. ಹೊರದೇಶದ ಶ್ರೀಮಂತರಿಗೆ ಆನೆ ಹೊಡೆಯಲು ಪರವಾನಗಿ ಕೊಟ್ಟು, ಬಂದ ಶುಲ್ಕದಲ್ಲಿ ಹಳ್ಳಿಗೆ ಪಾಲು ಕೊಟ್ಟರೆ ರೈತನೇ ಆನೆಯನ್ನು ಕಾಯುತ್ತಾನೆ. ಬೇಟೆಗಾರ ದಂತವನ್ನು ತನ್ನ ಊರಿಗೆ ಒಯ್ದು ದಿವಾನಖಾನೆಯಲ್ಲಿ ಇಟ್ಟುಕೊಳ್ಳುತ್ತಾನೆ.

ಈ ಯೋಜನೆಗೆ ಅಮೆರಿಕ ಸರ್ಕಾರದ ನೆರವು ಸಂಸ್ಥೆ ವರ್ಷಗಟ್ಟಲೆ ಕೋಟ್ಯಂತರ ಡಾಲರ್ ಕೊಟ್ಟಿತು. ಅದು ಅಲ್ಲಿನ ಜನರ ತೆರಿಗೆ ಹಣ. 1990ರ ದಶಕದಲ್ಲಿ ಅಲ್ಲಿನ ಪ್ರಾಣಿದಯಾ ಸಂಘಗಳು ಇದನ್ನು ಬಲವಾಗಿ ವಿರೋಧಿಸಿದವು. ದಂತದ ವ್ಯಾಪಾರ ಮತ್ತೆ ತೆರೆಯಬೇಕು ಎನ್ನುವವರಿಗೂ ಈ ಹಣ ಬಲ ಕೊಡುತ್ತಿದೆ ಎಂಬುದು ಅವರ ಆಕ್ಷೇಪವಾಗಿತ್ತು. ಆ ನೆರವು ಸಂಸ್ಥೆ 2025ರಲ್ಲಿ ಮುಚ್ಚಿಹೋಯಿತು. ಆದರೆ ಪ್ರಶ್ನೆ ಮುಚ್ಚಿಹೋಗಿಲ್ಲ.

1989ರಿಂದ 2001ರವರೆಗೆ ಯೋಜನೆಯ ಹಳ್ಳಿಗಳಿಗೆ ಸುಮಾರು ಎರಡು ಕೋಟಿ ಡಾಲರ್ ಸಂದಿತು. ಅದರಲ್ಲಿ ನೂರಕ್ಕೆ ಹತ್ತಿರಹತ್ತಿರ ತೊಂಬತ್ತು ಪಾಲು ಬೇಟೆಯದೇ. ಕೇಳುವುದಕ್ಕೆ ದೊಡ್ಡ ಮೊತ್ತ. ಆದರೆ ಹಂಚಿದಾಗ ಅನೇಕ ಕಡೆ ಒಂದು ಮನೆಗೆ ವರ್ಷಕ್ಕೆ ಸಿಕ್ಕಿದ್ದು ಕೆಲವೇ ಡಾಲರ್. ತಿಂಗಳ ಸಾಮಾನಿನ ಚೀಟಿ ಬರೆಯುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಹಿತ್ತಲ ತೆಂಗಿನ ಮರದ ಕಾಯಿ ಮಾರುವುದು ಬೇರೆ, ಮರವನ್ನೇ ಕಡಿದು ಸೌದೆಗೆ ಮಾರುವುದು ಬೇರೆ.

ಅಜ್ಜಿಯಿಲ್ಲದ ಮನೆ

ಆನೆಯ ಹಿಂಡೆಂದರೆ ಒಂದು ಕೂಡು ಕುಟುಂಬ. ಯಜಮಾನಿಕೆ ಹಿರಿಯ ಹೆಣ್ಣಾನೆಯದು. ಬಸುರಿನ ಅವಧಿಯೇ ಸುಮಾರು 22 ತಿಂಗಳು. ಒಂದು ಮರಿಯನ್ನು ಅಮ್ಮ, ಚಿಕ್ಕಮ್ಮ, ಅಕ್ಕ ಎಲ್ಲ ಸೇರಿ ಸಾಕುತ್ತಾರೆ.

ಟಾಂಜಾನಿಯದ ತರಂಗಿರೆ ಕಾಡಿನಲ್ಲಿ 1993ರಲ್ಲಿ ಭೀಕರ ಬರ ಬಂತು. ಒಂಬತ್ತು ತಿಂಗಳಲ್ಲಿ, ವಿಜ್ಞಾನಿಗಳು ಗಮನಿಸುತ್ತಿದ್ದ 81 ಮರಿಗಳಲ್ಲಿ 16 ಸತ್ತವು. ಹಿರಿಯ ಹೆಣ್ಣಾನೆಗಳಿದ್ದ ಹಿಂಡುಗಳು ಕಾಡು ಬಿಟ್ಟು, ನೀರು ಮೇವು ಇರುವ ಕಡೆಗೆ ಹೊರಟುಹೋದವು. ಅವುಗಳ ಮರಿಗಳು ಹೆಚ್ಚು ಉಳಿದವು. ಕಳ್ಳಬೇಟೆಯಿಂದ ಹಿರಿಯರನ್ನು ಕಳೆದುಕೊಂಡಿದ್ದ ಹಿಂಡು ಮಾತ್ರ ಅಲ್ಲೇ ಉಳಿಯಿತು, ಹೆಚ್ಚು ಮರಿಗಳನ್ನು ಕಳೆದುಕೊಂಡಿತು. ಹಿಂದಿನ ಬರದಲ್ಲಿ ಎಲ್ಲಿಗೆ ಹೋಗಿದ್ದೆವು ಎಂದು ನೆನಪಿದ್ದ ಅಜ್ಜಿ ಮನೆಯಲ್ಲಿ ಇರಲಿಲ್ಲ, ಅಷ್ಟೇ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಪರವಾನಗಿಯ ಬೇಟೆಗಾರರು ಹೊಡೆಯುವುದು ಹೆಚ್ಚಾಗಿ ದೊಡ್ಡ ದಂತದ ಮುದಿ ಗಂಡಾನೆಯನ್ನು, ಅದರಿಂದ ಹಿಂಡಿಗೇನು ನಷ್ಟ ಎನ್ನುವವರಿದ್ದಾರೆ. ಅದಕ್ಕೂ ಉತ್ತರವಿದೆ. ದಕ್ಷಿಣ ಆಫ್ರಿಕದ ಪಿಲಾನೆಸ್‌ಬರ್ಗ್ ಎಂಬಲ್ಲಿಗೆ ತಬ್ಬಲಿ ಮರಿಗಳನ್ನು ತಂದು ಬಿಟ್ಟಿದ್ದರು. ಅವು ಹಿರಿಯರಿಲ್ಲದೆ ಬೆಳೆದವು. ಪ್ರಾಯಕ್ಕೆ ಬಂದ ಗಂಡುಗಳು ಮದವೇರಿ 1992ರಿಂದ 1997ರೊಳಗೆ ನಲವತ್ತಕ್ಕೂ ಹೆಚ್ಚು ಘೇಂಡಾಮೃಗಗಳನ್ನು ತಿವಿದು ಕೊಂದವು. 1998ರಲ್ಲಿ ಆರು ದೊಡ್ಡ ಗಂಡಾನೆಗಳನ್ನು ತಂದು ಬಿಟ್ಟ ಮೇಲೆ ಹುಡುಗರ ಪುಂಡಾಟ ನಿಂತಿತು! ಮನೆಯಲ್ಲಿ ಅಜ್ಜನ ಒಂದು ಕೆಮ್ಮಿಗೆ ಎಷ್ಟು ಬೆಲೆಯಿದೆ ಎಂದು ನಿಮಗೆ ನಾನು ಹೇಳಬೇಕಿಲ್ಲ.

ಒಂದು ಸಲ ಬಾಗಿಲು ತೆರೆದರೆ

ಆಫ್ರಿಕದಲ್ಲಿ 1979ರಲ್ಲಿ ಸುಮಾರು 13 ಲಕ್ಷ ಆನೆಗಳಿದ್ದವೆಂಬ ಅಂದಾಜಿತ್ತು. ಹತ್ತೇ ವರ್ಷಗಳಲ್ಲಿ ಅರ್ಧಕ್ಕರ್ಧ ಹೋದವು. 1989ರ ಜುಲೈಯಲ್ಲಿ ಕೀನ್ಯಾದ ಅಧ್ಯಕ್ಷ ಮೊಯಿ 12 ಟನ್ ದಂತಕ್ಕೆ ತಾವೇ ಬೆಂಕಿಯಿಟ್ಟರು. ಅದೇ ವರ್ಷ ದೇಶದೇಶಗಳ ನಡುವಿನ ದಂತ ವ್ಯಾಪಾರಕ್ಕೆ ನಿಷೇಧ ಬಂತು.

ಆದರೆ "ಒಂದೇ ಒಂದು ಸಲ" ಎಂದು 1999ರಲ್ಲಿ ಸುಮಾರು 50 ಟನ್ ದಂತವನ್ನು ಜಪಾನಿಗೆ ಮಾರಲು ಬಿಟ್ಟರು. 2008ರಲ್ಲಿ ಮತ್ತೊಂದು ಸಲ, ನೂರು ಟನ್ನಿಗೂ ಮಿಕ್ಕಿ, ಚೀನಾಕ್ಕೂ ಜಪಾನಿಗೂ. ಅಂಗಡಿಯಲ್ಲಿ ಕಾನೂನಿನ ದಂತವಿದ್ದರೆ ಕಳ್ಳದಂತವೂ ಅದರ ಪಕ್ಕದಲ್ಲೇ ಕೂರುತ್ತದೆ. ಕೆತ್ತಿದ ಮೇಲೆ ಯಾವುದು ಯಾವುದೆಂದು ಕೊಳ್ಳುವವನಿಗೆ ತಿಳಿಯುವುದು ಹೇಗೆ? ಅದೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ 2007ರಿಂದ 2014ರವರೆಗೆ ಆಫ್ರಿಕದ ಬಯಲುಸೀಮೆಯ ಆನೆಗಳು ನೂರಕ್ಕೆ 30ರಷ್ಟು ಕಡಿಮೆಯಾದವೆಂದು ದೊಡ್ಡ ಗಣತಿಯೊಂದು ಹೇಳಿತು. ಕಡೆಗೆ ಚೀನಾವೇ 2017ರ ಕೊನೆಯಲ್ಲಿ ತನ್ನ ದಂತದ ಅಂಗಡಿಗಳನ್ನು ಮುಚ್ಚಿಸಿತು.

ಹೊಲ ಕಳೆದುಕೊಂಡವರ ಮಾತು

ದೂರದಲ್ಲಿ ಕುಳಿತು ಉಪದೇಶ ಮಾಡುವುದು ಸುಲಭ ಎಂದು ನೀವು ಅನ್ನಬಹುದು. ಬೋಟ್ಸ್ವಾನಾದ ಅಧ್ಯಕ್ಷರಾಗಿದ್ದವರೂ 2024ರಲ್ಲಿ ಹಾಗೆಯೇ ಅಂದರು. ಬೇಟೆಯ ದಂತ, ತಲೆಗಳನ್ನು ತರುವುದಕ್ಕೆ ಜರ್ಮನಿಯಲ್ಲಿ ಬಿಗಿ ಮಾಡುವ ಮಾತು ಬಂದಾಗ, "ನಿಮಗೇ 20 ಸಾವಿರ ಆನೆ ಕಳಿಸುತ್ತೇವೆ, ಸಾಕಿ ನೋಡಿ" ಎಂಬರ್ಥದಲ್ಲಿ ಸವಾಲು ಹಾಕಿದರು. ಆ ಮಾತಿನಲ್ಲಿ ಹುರುಳಿದೆ. ನಮ್ಮ ಸಕಲೇಶಪುರ, ಕೊಡಗಿನ ಕಡೆಯ ಸೋದರಿಯರನ್ನು ಕೇಳಿ. ರಾತ್ರಿ ಆನೆ ಬಂದರೆ ಬೆಳಗ್ಗೆ ಗದ್ದೆ ಇರುವುದಿಲ್ಲ, ಎಷ್ಟೋ ಸಲ ಮನುಷ್ಯನೂ ಇರುವುದಿಲ್ಲ.

ಸರ್ಕಾರದ ಹಣ ಅಲ್ಲಿಗೆ ಹೋಗಲಿ ಎನ್ನುವುದೇ ನನ್ನ ವಾದ. ಬೆಳೆನಷ್ಟಕ್ಕೆ ತಡವಿಲ್ಲದ ಪರಿಹಾರ, ಗಟ್ಟಿ ಬೇಲಿ, ಆನೆ ಬರುವ ಮುನ್ಸೂಚನೆ, ಕಾಡು ಕಾಯುವ ಕಾವಲುಗಾರನಿಗೆ ಸರಿಯಾದ ಸಂಬಳ. ಬಂದೂಕು ಹಿಡಿದ ಶ್ರೀಮಂತನ ಶೋಕಿಗೆ ದಾರಿ ಮಾಡಿಕೊಡಲು ತೆರಿಗೆ ಹಣ ಬೇಡ. ನಮ್ಮ ಕರ್ನಾಟಕದಲ್ಲಿ ಪರವಾನಗಿಯ ಶೋಕಿ ಬೇಟೆ ಇಲ್ಲದೆಯೇ 6 ಸಾವಿರಕ್ಕೂ ಮಿಕ್ಕಿ ಆನೆಗಳು ಬದುಕಿವೆ. ಭಾರತದಲ್ಲಿ ಇಷ್ಟು ಆನೆಗಳಿರುವ ರಾಜ್ಯ ಬೇರೊಂದಿಲ್ಲ. ದಂತಕ್ಕೆ ಬೆಲೆಯಿದ್ದಾಗ ಏನಾಗುತ್ತದೆ ಎಂಬುದನ್ನೂ ನಾವು ಕಂಡವರೇ. ವೀರಪ್ಪನ್ ಗಂಧದ ಮರಕ್ಕೆ ಕೈ ಹಾಕುವ ಮೊದಲು ಕೊಂದದ್ದು ದಂತದ ಆನೆಗಳನ್ನು.

ಕಲೆ ಸಾಯಲಿಲ್ಲ

ನಮ್ಮ ದೇಶದಲ್ಲಿ 1986ರಲ್ಲಿ ಭಾರತದ ದಂತದ ವ್ಯಾಪಾರಕ್ಕೆ ನಿಷೇಧ ಬಂತು. 1991ರಲ್ಲಿ ಆಫ್ರಿಕದ ದಂತಕ್ಕೂ ಬಂತು. ಮೈಸೂರು ಅರಮನೆಯ ಅಂಬಾವಿಲಾಸದ ಬಾಗಿಲಲ್ಲಿ ನೀವು ನೋಡಿರುವ ದಂತದ ಕುಸುರಿಯನ್ನು ಇಂದು ಹಾಗೆ ಮಾಡುವಂತಿಲ್ಲ. ಹಾಗೆಂದು ಮೈಸೂರಿನ ಕುಶಲಕರ್ಮಿಗಳ ಕಲೆ ನಿಂತುಹೋಯಿತೇ? ಇಲ್ಲ. ಬೇರೆ ಬೇರೆ ಬಣ್ಣದ ಮರ, ಪ್ಲಾಸ್ಟಿಕ್ ಕೂಡಿಸಿ ಈಗಲೂ ಹಲಗೆ ಮಾಡುತ್ತಿದ್ದಾರೆ. ಅಂಥದೊಂದು ನಮ್ಮ ಗೋಡೆಯ ಮೇಲೇ ಇದೆ.

ಆದ್ದರಿಂದ ಸೋದರಿಯರೇ, "ಹಳೇ ಕಾಲದ್ದು, ಅಸಲಿ ದಂತ" ಎಂದು ಯಾರಾದರೂ ಬಳೆ, ಭರಣಿ, ವಿಗ್ರಹ ಮಾರಲು ಬಂದರೆ ಬೇಡವೆನ್ನಿ. ಅದು ಕಾನೂನಿಗೂ ವಿರುದ್ಧ. ಮಕ್ಕಳು ಏಕೆಂದು ಕೇಳಿದರೆ ತರಂಗಿರೆಯ ಅಜ್ಜಿಯ ಕಥೆ ಹೇಳಿ.

"ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ" ಎಂಬ ಗಾದೆಯನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ನನ್ನ ಮಗಳಿಗೆ ಮೊನ್ನೆ ಅದನ್ನು ಹೇಳಿದಾಗ ಅವಳು ಅಂದಳು, "ಸತ್ತರೆ ಏನೂ ಸಿಗೋದಿಲ್ಲ ಅಂತಾದ್ರೆ ಅದನ್ನ ಯಾರೂ ಕೊಲ್ಲೋದಿಲ್ಲ ಅಲ್ವಾ ಅಮ್ಮಾ?"

ಈ ಸಲ ನನ್ನ ಬಳಿ ಉತ್ತರವಿತ್ತು. "ಹೌದು ಮಗಳೇ" ಎಂದೆ.